ಕ್ರಿಸ್ತ ಎದ್ದಿಲ್ಲವಾದರೆ

ಕೇಳುಗರಿಗೆ ನಮಸ್ಕಾರ. ನಾಳೆ ಈಸ್ಟರ್, ಶಿಲುಬೆಯ ಮೇಲೆ ಸತ್ತ ಯೇಸು ಕ್ರಿಸ್ತ ಸಮಾಧಿಯಿಂದ ಎದ್ದುಬಂದನೆಂದು ಆಚರಿಸುವ ಹಬ್ಬ.

ಕ್ರೈಸ್ತ ವಿಶ್ವಾಸ ಯಾವ ಜಾಗದಲ್ಲಿ ಕುಸಿಯಬಲ್ಲದು ಎಂಬುದನ್ನು ಬೈಬಲೇ ಬೆರಳಿಟ್ಟು ತೋರಿಸಿದೆ. ಸಂತ ಪೌಲ ಗ್ರೀಸಿನ ಕೊರಿಂಥ ಪಟ್ಟಣದ ಕ್ರೈಸ್ತ ಸಭೆಗೆ ಸುಮಾರು ಕ್ರಿ.ಶ. 54ರ ಹೊತ್ತಿಗೆ ಬರೆದ ಮೊದಲನೆಯ ಪತ್ರದ 15ನೆಯ ಅಧ್ಯಾಯ ತೆರೆದು ನೋಡಿ. ಕ್ರಿಸ್ತ ಎದ್ದಿಲ್ಲವಾದರೆ ನಮ್ಮ ಬೋಧನೆ ವ್ಯರ್ಥ, ನಿಮ್ಮ ವಿಶ್ವಾಸ ವ್ಯರ್ಥ, ನೀವು ಇನ್ನೂ ನಿಮ್ಮ ಪಾಪಗಳಲ್ಲೇ ಇದ್ದೀರಿ, ತೀರಿಹೋದವರು ನಾಶವಾದರು, ಮನುಷ್ಯರಲ್ಲಿ ನಮ್ಮಷ್ಟು ನಿರ್ಭಾಗ್ಯರು ಯಾರೂ ಇಲ್ಲ. ಸತ್ತವರು ಏಳುವುದಿಲ್ಲವಾದರೆ ತಿನ್ನೋಣ, ಕುಡಿಯೋಣ, ನಾಳೆ ಹೇಗೂ ಸಾಯುತ್ತೇವೆ ಎಂಬ ಮಾತನ್ನೂ ಪೌಲನೇ ಎತ್ತುತ್ತಾನೆ. ಯೇಸುವಿನ ಪರ್ವತ ಪ್ರಸಂಗ ಉಳಿಯುತ್ತದಲ್ಲ, ಆ ಉಪದೇಶ ಸಾಕು ಎಂದು ಅವನು ಸಮಾಧಾನ ಹೇಳುವುದಿಲ್ಲ.

ಇವುಗಳಲ್ಲಿ ‘ನೀವು ಇನ್ನೂ ನಿಮ್ಮ ಪಾಪಗಳಲ್ಲೇ ಇದ್ದೀರಿ’ ಎಂಬ ಮಾತನ್ನು ಬಿಡಿಸಿ ನೋಡಬೇಕು. ಪಾಪಕ್ಕೂ ಖಾಲಿ ಸಮಾಧಿಗೂ ಏನು ಸಂಬಂಧ? ಯೇಸು ಸಹಜವಾಗಿ ಸತ್ತವನಲ್ಲ. ಯೆಹೂದ್ಯರ ನ್ಯಾಯಸಭೆ ಅವನನ್ನು ದೇವದೂಷಕನೆಂದಿತು. ರೋಮನ್ ಅಧಿಪತಿ ಪೊಂತ್ಯ ಪಿಲಾತ ಶಿಲುಬೆಯ ಶಿಕ್ಷೆ ಕೊಟ್ಟ. ಮರಕ್ಕೆ ತೂಗುಹಾಕಲ್ಪಟ್ಟವನು ದೇವರ ಶಾಪಕ್ಕೆ ಒಳಗಾದವನು ಎಂದು ಮೋಶೆಯ ಧರ್ಮಶಾಸ್ತ್ರ, ಧರ್ಮೋಪದೇಶಕಾಂಡದ 21ನೆಯ ಅಧ್ಯಾಯದಲ್ಲಿ, ಹೇಳುತ್ತದೆ. ಸಮಾಧಿಯಲ್ಲೇ ಕಥೆ ಮುಗಿದಿದ್ದರೆ ಆ ತೀರ್ಪು ಹಾಗೆಯೇ ನಿಲ್ಲುತ್ತಿತ್ತು. ‘ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ’ ಎಂದು ಅವನು ರೋಗಿಗೆ, ಪಾಪಿಯೆನಿಸಿಕೊಂಡ ಹೆಂಗಸಿಗೆ ಹೇಳಿದ ಮಾತು ಅಧಿಕಾರವಿಲ್ಲದವನ ಮಾತಾಗುತ್ತಿತ್ತು. ದೇವರು ಅವನನ್ನು ಎಬ್ಬಿಸಿದನು ಎಂದರೆ ಆ ತೀರ್ಪನ್ನು ದೇವರೇ ರದ್ದು ಮಾಡಿದನು ಎಂದರ್ಥ. ಶಿಲುಬೆಯನ್ನು ಪುನರುತ್ಥಾನದಿಂದ ಬೇರ್ಪಡಿಸಿದರೆ ಉಳಿಯುವುದು ಒಬ್ಬ ನಿರಪರಾಧಿಯ ದುರಂತ ಮಾತ್ರ. ಅಂಥ ದುರಂತ ನಮ್ಮ ಕಣ್ಣಲ್ಲಿ ನೀರು ತರಿಸಬಹುದು, ನಮ್ಮ ಪಾಪವನ್ನು ತೊಳೆಯಲಾರದು.

ಇಷ್ಟು ಭಾರವನ್ನು ಪೌಲ ಯಾವುದರ ಮೇಲೆ ಇಡುತ್ತಾನೆ? ಅದೇ ಅಧ್ಯಾಯದ ಮೊದಲಲ್ಲಿ, ಎದ್ದ ಯೇಸುವನ್ನು ಕಂಡ ಸಾಕ್ಷಿಗಳ ಪಟ್ಟಿಯಿದೆ: ಕೇಫ, ಅಂದರೆ ಪೇತ್ರ; ಹನ್ನೆರಡು ಮಂದಿ ಶಿಷ್ಯರು; ಒಂದೇ ಸಮಯದಲ್ಲಿ 500ಕ್ಕಿಂತ ಹೆಚ್ಚು ಸಹೋದರರು; ಯೇಸುವಿನ ಸಹೋದರನೆನಿಸಿದ ಯಾಕೋಬ; ಎಲ್ಲ ಅಪೊಸ್ತಲರು, ಅಂದರೆ ಬೋಧನೆಗೆಂದು ಕಳುಹಿಸಲ್ಪಟ್ಟ ಪ್ರೇಷಿತರು; ಕಟ್ಟಕಡೆಗೆ ಪೌಲ. ಆ ಐನೂರರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎಂದೂ ಸೇರಿಸುತ್ತಾನೆ. ಬೇಕಿದ್ದರೆ ವಿಚಾರಿಸಿ ಎಂದಂತೆ. ಇದು ತಾನು ಕಟ್ಟಿದ ಮಾತಲ್ಲ, ತನಗೆ ಒಪ್ಪಿಸಿಕೊಟ್ಟದ್ದನ್ನು ನಿಮಗೆ ಒಪ್ಪಿಸಿದ್ದೇನೆ ಎನ್ನುತ್ತಾನೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಇನ್ನೊಂದು ವಿವರ ಸಿಗುತ್ತದೆ: ಕ್ರಿಸ್ತನ ಕಡೆಗೆ ಮನಸ್ಸು ತಿರುಗಿದ ಮೂರು ವರ್ಷಗಳ ಮೇಲೆ ಪೌಲ ಯೆರೂಸಲೇಮಿಗೆ ಹೋಗಿ ಕೇಫನ ಜೊತೆ 15 ದಿನ ಇದ್ದ, ಯಾಕೋಬನನ್ನೂ ಕಂಡ. ಪಟ್ಟಿಯಲ್ಲಿ ಹೆಸರಿರುವ ಇಬ್ಬರನ್ನು ಅವನು ಮುಖತಃ ಬಲ್ಲವನು.

ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳ ವಿವರ ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂಬ ಆಕ್ಷೇಪವಿದೆ. ಅದು ನಿಜ. ಖಾಲಿ ಸಮಾಧಿಯ ಬಳಿ ಕಂಡವರು ಮತ್ತಾಯನಲ್ಲಿ ಒಬ್ಬ ದೇವದೂತ, ಮಾರ್ಕನಲ್ಲಿ ಒಬ್ಬ ಯುವಕ, ಲೂಕನಲ್ಲಿ ಇಬ್ಬರು ಪುರುಷರು, ಯೋಹಾನನಲ್ಲಿ ಇಬ್ಬರು ದೇವದೂತರು. ಸಮಾಧಿಗೆ ಹೋದ ಸ್ತ್ರೀಯರ ಹೆಸರುಗಳಲ್ಲೂ ವ್ಯತ್ಯಾಸವಿದೆ. ಆದರೆ ನಾಲ್ವರೂ ಮಗ್ದಲದ ಮರಿಯಳನ್ನು ಬಿಟ್ಟಿಲ್ಲ. ಹೆಂಗಸರ ಸಾಕ್ಷ್ಯಕ್ಕೆ ಆ ಕಾಲದಲ್ಲಿ ಅಷ್ಟು ಬೆಲೆಯಿರಲಿಲ್ಲ. ಅವರ ಮಾತು ಅಪೊಸ್ತಲರಿಗೇ ಹುಚ್ಚು ಮಾತಾಗಿ ಕಂಡಿತು ಎಂದು ಲೂಕ ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಕಟ್ಟುಕಥೆ ಹೆಣೆಯುವವರು ಮೊದಲ ಸಾಕ್ಷಿಯಾಗಿ ಮರಿಯಳನ್ನು ಆರಿಸಿಕೊಳ್ಳುತ್ತಿರಲಿಲ್ಲ. ಯೇಸು ಏಳುವ ಕ್ಷಣವನ್ನು ಯಾವ ಸುವಾರ್ತೆಯೂ ವರ್ಣಿಸುವುದಿಲ್ಲ ಎಂಬುದನ್ನೂ ಗಮನಿಸಬೇಕು. ಚರಿತ್ರೆ ನಮ್ಮನ್ನು ಆ ಶಿಷ್ಯರ ದೃಢವಾದ ಸಾಕ್ಷ್ಯದವರೆಗೆ ಕರೆತರುತ್ತದೆ. ಅಲ್ಲಿಂದ ಮುಂದಿನ ಹೆಜ್ಜೆ ವಿಶ್ವಾಸದ್ದು.

ಇನ್ನು, ಪುನರುತ್ಥಾನ ಎಂದರೇನು? ನಮ್ಮಲ್ಲಿ ತಪ್ಪಾಗುವುದು ಹೆಚ್ಚಾಗಿ ಇಲ್ಲಿ. ಸತ್ತು ನಾಲ್ಕು ದಿನವಾಗಿದ್ದ ಲಾಜರನನ್ನು ಯೇಸು ಎಬ್ಬಿಸಿದ್ದು ಬೇರೆ ಸಂಗತಿ. ಲಾಜರ ಕೈಕಾಲಿಗೆ ಸುತ್ತಿದ ಬಟ್ಟೆಯೊಂದಿಗೇ ಹೊರಬಂದ. ಇದೇ ಬದುಕಿಗೆ ಮರಳಿದ. ಯೇಸುವಿನ ಸಮಾಧಿಯಲ್ಲಿ ನಾರುಬಟ್ಟೆಗಳು ಅಲ್ಲೇ ಬಿದ್ದಿದ್ದವು, ತಲೆಗೆ ಸುತ್ತಿದ್ದ ವಸ್ತ್ರ ಬೇರೆಯಾಗಿ ಸುತ್ತಿಟ್ಟಿತ್ತು. ಅವನಿಗೆ ಇನ್ನು ಸಾವಿಲ್ಲ. ನಮ್ಮ ನಾಡಿನ ನೆರೆಹೊರೆಯವರು ನಂಬುವ ಮರುಜನ್ಮವೂ ಇದಲ್ಲ. ಮರುಜನ್ಮದಲ್ಲಿ ಜೀವ ಇನ್ನೊಂದು ದೇಹ ಹೊಕ್ಕು ಇನ್ನೊಬ್ಬರ ಮಗುವಾಗಿ ಬರುತ್ತದೆ, ಇಲ್ಲಿ ಅದೇ ವ್ಯಕ್ತಿ, ಅದೇ ಗಾಯಗಳು. ಎದ್ದ ಯೇಸು ತೋಮನಿಗೆ ಕೈಯ ಗಾಯ ತೋರಿಸುತ್ತಾನೆ, ಶಿಷ್ಯರ ಮುಂದೆ ಸುಟ್ಟ ಮೀನಿನ ತುಂಡು ತಿನ್ನುತ್ತಾನೆ. ಆದರೂ ಎಮ್ಮಾವುವಿನ ದಾರಿಯಲ್ಲಿ ಜೊತೆಗೆ ನಡೆದವರಿಗೆ ಗುರುತು ಹತ್ತಲಿಲ್ಲ. ಪೌಲ ಇದನ್ನು ಬಿತ್ತಿದ ಕಾಳಿಗೆ ಹೋಲಿಸುತ್ತಾನೆ: ಬಿತ್ತುವುದು ಬರಿಯ ಕಾಳು, ಮೊಳೆತು ಬರುವುದು ಪೈರು. ನೇಜಿ, ಅಂದರೆ ಭತ್ತದ ಸಸಿ, ಬೆಳೆಸಿ ಬಲ್ಲ ನಮ್ಮ ಗದ್ದೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮೂರನೆಯ ತಪ್ಪು ನಮ್ಮ ಕ್ರೈಸ್ತ ಮನೆಗಳಲ್ಲೇ ನಡೆಯುವಂಥದ್ದು. ಅಂತ್ಯಸಂಸ್ಕಾರದಲ್ಲಿ ‘ಪಂಜರ ಬಿಟ್ಟು ಹಕ್ಕಿ ಹಾರಿತು’ ಎಂದು ಮಾತಾಡಿಬಿಡುತ್ತೇವೆ. ದೇಹ ಕೇವಲ ಪಂಜರ ಎಂಬುದು ಪೌಲನ ಬೋಧನೆಯಲ್ಲ. ‘ಶರೀರದ ಪುನರುತ್ಥಾನವನ್ನು ವಿಶ್ವಾಸಿಸುತ್ತೇನೆ’ ಎಂದು ಪ್ರೇಷಿತರ ವಿಶ್ವಾಸಪ್ರಮಾಣದಲ್ಲಿ ಹೇಳುವವರು ಸಮಾಧಿಯ ಬಳಿ ಬೇರೆ ಮಾತಾಡಬಾರದು. ಮೃತದೇಹಕ್ಕೆ ಪವಿತ್ರ ಜಲ ಚಿಮುಕಿಸುವುದು ಅವರನ್ನು ಕ್ರೈಸ್ತರನ್ನಾಗಿಸಿದ ದೀಕ್ಷಾಸ್ನಾನದ ನೆನಪಿಗಾಗಿ, ಧೂಪ ತೋರಿಸುವುದು ಅದು ಪವಿತ್ರಾತ್ಮರ ಆಲಯವಾಗಿತ್ತು ಎಂಬ ಗೌರವಕ್ಕಾಗಿ. ಕಥೋಲಿಕ ಧರ್ಮಸಭೆ 1963ರಿಂದ ದಹನಕ್ಕೂ ಅನುಮತಿ ಕೊಟ್ಟಿದೆ, ಪುನರುತ್ಥಾನವನ್ನು ನಿರಾಕರಿಸುವ ಉದ್ದೇಶ ಅದರ ಹಿಂದಿರಬಾರದು, ಅಷ್ಟೇ. ವ್ಯಾಟಿಕನ್ 2016ರಲ್ಲಿ ಕೊಟ್ಟ ಸೂಚನೆಯಂತೆ ಬೂದಿಯನ್ನು ಗಾಳಿಯಲ್ಲೋ ನೀರಿನಲ್ಲೋ ಬಿಡುವಂತಿಲ್ಲ, ಪವಿತ್ರ ಸ್ಥಳದಲ್ಲಿ ಇಡಬೇಕು. ನದಿ, ಸಮುದ್ರ ಹತ್ತಿರವಿರುವ ನಮ್ಮ ಮಂಗಳೂರಿನಲ್ಲಿ ಕುಟುಂಬದವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಇಂದಿನ ರಾತ್ರಿಯ ವಿಧಿಯೂ ಇದನ್ನೇ ಸಾರುತ್ತದೆ. ಗುರುವಾರ ಸಂಜೆಯ ಮಹಿಮಾಗೀತೆಯ ನಂತರ ನಿಂತ ಗಂಟೆ ಇಂದು ಮತ್ತೆ ಬಾರಿಸುತ್ತದೆ. ಜಾಗರಣೆ ಪೂರ್ತಿ ಕತ್ತಲಾದ ಮೇಲೆಯೇ ಶುರುವಾಗಬೇಕು. ಏಪ್ರಿಲಿನಲ್ಲಿ ಇಲ್ಲಿ ಸೂರ್ಯ ಮುಳುಗುವುದೇ ಆರೂಮುಕ್ಕಾಲರ ಹೊತ್ತಿಗೆ. ಅನುಕೂಲಕ್ಕೆಂದು ಆರು ಗಂಟೆಗೆ ಶುರು ಮಾಡಿದರೆ ಕತ್ತಲಲ್ಲಿ ಹೊತ್ತಿಸಬೇಕಾದ ಬೆಂಕಿ, ಬತ್ತಿ ಎರಡೂ ಅರ್ಥ ಕಳೆದುಕೊಳ್ಳುತ್ತವೆ. ಈ ಪಾಸ್ಖ ಬತ್ತಿ, ಅಂದರೆ ಈಸ್ಟರಿನ ದೊಡ್ಡ ಮೇಣದಬತ್ತಿ, ಪ್ರತಿ ವರ್ಷ ಹೊಸದಾಗಿರಬೇಕು, ನಿಜವಾದ ಮೇಣದ್ದಾಗಿರಬೇಕು. ಅದರ ಮೇಲೆ ಶಿಲುಬೆ, ಮೇಲೆ ಗ್ರೀಕಿನ ಮೊದಲ ಅಕ್ಷರ ಆಲ್ಫ, ಕೆಳಗೆ ಕೊನೆಯ ಅಕ್ಷರ ಒಮೇಗ, ನಾಲ್ಕು ಮೂಲೆಗಳಲ್ಲಿ ಈ ವರ್ಷದ ನಾಲ್ಕು ಅಂಕಿಗಳು, ಗಾಯಗಳ ಗುರುತಾಗಿ ಐದು ಧೂಪದ ಕಾಳುಗಳು. ಹಳೆಯ ಒಡಂಬಡಿಕೆಯಿಂದ ಏಳು ವಾಚನಗಳಿವೆ. ಸಮಯದ ಅಭಾವವಿದ್ದರೆ ಮೂರಕ್ಕೆ ಇಳಿಸಬಹುದು, ಆದರೆ ಕೆಂಪು ಸಮುದ್ರ ದಾಟಿದ ವಿಮೋಚನಕಾಂಡದ 14ನೆಯ ಅಧ್ಯಾಯವನ್ನು ಯಾವ ಕಾರಣಕ್ಕೂ ಬಿಡುವಂತಿಲ್ಲ. ಬತ್ತಿಗೆ ಖರ್ಚು ಮಾಡಿ ವಾಚನಗಳಲ್ಲಿ ಉಳಿತಾಯ ಮಾಡುವುದು ಸರಿಯಲ್ಲ. ಮುಂದಿನ ಐವತ್ತು ದಿನ ಪೂಜೆಗಳಲ್ಲಿ ಉರಿಯುವ ಇದೇ ಬತ್ತಿಯನ್ನು ವರ್ಷವಿಡೀ ದೀಕ್ಷಾಸ್ನಾನಕ್ಕೂ ಅಂತ್ಯಸಂಸ್ಕಾರಕ್ಕೂ ಹೊತ್ತಿಸುತ್ತಾರೆ. ಪ್ರಾಟೆಸ್ಟೆಂಟರಲ್ಲಿ ಈಸ್ಟರ್ ಮುಂಜಾನೆ ಸ್ಮಶಾನದಲ್ಲೇ ಆರಾಧಿಸುವ ಪದ್ಧತಿಯಿದೆ. ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ಮೊರಾವಿಯನ್ ಎಂಬ ಪ್ರಾಟೆಸ್ಟೆಂಟ್ ಪಂಗಡದವರು 1732ರಲ್ಲಿ ಅದನ್ನು ಆರಂಭಿಸಿದರು.

ದೇಹಕ್ಕೆ ಮುಂದೆಯೂ ಬೆಲೆಯಿದೆ ಎಂದಾದರೆ ಈಗಲೂ ಬೆಲೆಯಿದೆ. ಕಂಕನಾಡಿಯಲ್ಲಿ ಜೆಸುಯಿಟ್ ಗುರು ಅಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೋಪಥಿ ಔಷಧಾಲಯ ತೆರೆದು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದ್ದನ್ನು ಈ ಊರು ಬಲ್ಲದು.

15ನೆಯ ಅಧ್ಯಾಯ ‘ಕರ್ತನಲ್ಲಿ ನಿಮ್ಮ ದುಡಿಮೆ ವ್ಯರ್ಥವಲ್ಲ’ ಎಂದು ಮುಗಿಯುತ್ತದೆ. ಬೈಬಲಿಗೆ ಈಗಿನ ಅಧ್ಯಾಯ ವಿಂಗಡಣೆ ಬಂದದ್ದು 13ನೆಯ ಶತಮಾನದಲ್ಲಿ. ಪೌಲನ ಪತ್ರದಲ್ಲಿ ಅಲ್ಲಿ ತಡೆಯಿರಲಿಲ್ಲ. ಮುಂದಿನ ಸಾಲೇ ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸುವ ವಿಚಾರ. ವಾರದ ಮೊದಲನೆಯ ದಿನ, ಅಂದರೆ ಯೇಸು ಎದ್ದ ಭಾನುವಾರ, ಪ್ರತಿಯೊಬ್ಬರೂ ತಮ್ಮ ಸಂಪಾದನೆಗೆ ತಕ್ಕಷ್ಟು ತೆಗೆದಿಡಿ. ನಾನು ಬಂದ ಮೇಲೆ ವಸೂಲಿಗೆ ಹೊರಡುವಂತಾಗಬಾರದು. ಹಣ ಒಯ್ಯುವವರನ್ನು ನೀವೇ ಆರಿಸಿ, ನಾನು ಪತ್ರ ಕೊಟ್ಟು ಕಳುಹಿಸುತ್ತೇನೆ ಎನ್ನುತ್ತಾನೆ.

ನಮಸ್ಕಾರ.