ದುರ್ಗದ ಪ್ರವಾಸಕ್ಕೆ ಒಂದು ಪ್ರಶ್ನೆ ಸಾಕು

ಕೇಳುಗರೆಲ್ಲರಿಗೂ ನಮಸ್ಕಾರ. ಶಾಲಾ ಪ್ರವಾಸದ ಕಾಲ ಬಂತೆಂದರೆ ಊರುಗಳ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ದಾವಣಗೆರೆಯಿಂದ ಹೊರಟು ಚಿತ್ರದುರ್ಗ, ಅಲ್ಲಿಂದ ವಾಣಿವಿಲಾಸ ಸಾಗರ, ಹಾಗೇ ಹಂಪಿ, ಎಲ್ಲವೂ ಒಂದೂವರೆ ದಿನದಲ್ಲಿ. ಬಸ್ಸಿನಲ್ಲಿ ಅರ್ಧ ಮಕ್ಕಳಿಗೆ ನಿದ್ದೆ, ಉಳಿದವರಿಗೆ ವಾಂತಿ. ಮೇಷ್ಟ್ರು, ಟೀಚರುಗಳಲ್ಲಿ ನನ್ನ ಕೋರಿಕೆ ಇಷ್ಟೇ: ಒಂದು ದಿನಕ್ಕೆ ಒಂದೇ ಜಾಗ, ಒಂದೇ ಪ್ರಶ್ನೆ ಇಟ್ಟುಕೊಳ್ಳಿ.

ದುರ್ಗದ ಕೋಟೆಯನ್ನೇ ತೆಗೆದುಕೊಳ್ಳಿ. ದಾವಣಗೆರೆಯಿಂದ ಸುಮಾರು 60 ಕಿಲೋಮೀಟರ್. ಮಳೆ ಕಡಿಮೆ ಇರುವ ಸೀಮೆ, ಅದರಲ್ಲೂ ಬಂಡೆಗುಡ್ಡ. ಇಲ್ಲಿದ್ದ ಜನಕ್ಕೆ ನೀರು ಎಲ್ಲಿಂದ ಬರುತ್ತಿತ್ತು? ಉತ್ತರ ಕಣ್ಣೆದುರೇ ಇದೆ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಾದ ನೀರು ಅಕ್ಕ-ತಂಗಿ ಹೊಂಡದ ಕಡೆ ಇಳಿಯುತ್ತದೆ. ಈ ಹೊಂಡಗಳ ಸಾಲು ಕೆಳಗೆ ಊರೊಳಗಿನ ಸಂತೆಹೊಂಡದವರೆಗೂ ಬರುತ್ತದೆ. ಗೋಪಾಲಸ್ವಾಮಿ ಹೊಂಡದಿಂದ ಸ್ವಲ್ಪ ದೂರದಲ್ಲಿ ಮಕ್ಕಳನ್ನು ಕೂರಿಸಿ, ಸುತ್ತಲ ಬಂಡೆಗಳ ಇಳಿಜಾರು ಯಾವ ಕಡೆಗಿದೆ ಎಂದು ಹಾಳೆಯ ಮೇಲೆ ಬಾಣ ಹಾಕಿಸಿ. ಹಾಕಿದ ಬಾಣಗಳು ಎಲ್ಲಿ ಕೂಡುತ್ತವೆ ಎಂದು ಕೇಳಿ. ಬಂಡೆ ನೀರು ಹೀರುವುದಿಲ್ಲ, ಬಿದ್ದದ್ದು ಬಹುಪಾಲು ಹರಿದೇ ಬರುತ್ತದೆ ಎಂಬುದು ಅವರಿಗೇ ಹೊಳೆಯುತ್ತದೆ. ನೀವು ಬಾಯಿ ಬಿಡಬೇಡಿ. ಓಬವ್ವ ನೀರು ತರಲು ಹೋಗಿದ್ದಾಗ ಕಿಂಡಿಯಲ್ಲಿ ಹೈದರಾಲಿಯ ಸೈನಿಕರ ಸದ್ದು ಕೇಳಿದಳು ಎಂಬ ಕಥೆಯೂ ಇದೇ ಪ್ರಶ್ನೆಗೆ ಬಂದು ಸೇರುತ್ತದೆ. ಮುತ್ತಿಗೆ ಬಿದ್ದ ಕೋಟೆಗೆ ಗೋಡೆಯಷ್ಟೇ ನೀರೂ ಮುಖ್ಯವಾಗಿತ್ತಲ್ಲವೇ?

ಇನ್ನು ತಯಾರಿ. ಹದಿನೈದು ದಿನ ಮುಂಚೆ ಒಬ್ಬ ಶಿಕ್ಷಕರು ಹೋಗಿ, ಗಡಿಯಾರ ನೋಡಿಕೊಂಡು ಇಡೀ ದಾರಿ ನಡೆದು ಬರಲಿ. ಅವರಿಗೆ ಹಿಡಿದ ಹೊತ್ತಿನ ಎರಡರಷ್ಟು ಮಕ್ಕಳಿಗೆ ಬೇಕು. ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯ ಅನುಮತಿ, ಪೋಷಕರ ಸಹಿ ಇರುವ ಒಪ್ಪಿಗೆ ಪತ್ರ, ಬಸ್ಸಿನ ಪರ್ಮಿಟ್, ಅದು ಓಡಲು ಯೋಗ್ಯ ಎನ್ನುವ ಎಫ್‌ಸಿ, ವಿಮೆ, ಇವುಗಳ ಪ್ರತಿ ಒಂದೇ ಫೈಲಿನಲ್ಲಿರಲಿ. ರಾತ್ರಿ ಪ್ರಯಾಣ ಖಂಡಿತ ಬೇಡ.

ಐವತ್ತು ಮಕ್ಕಳಿದ್ದರೆ ಹತ್ತು ಹತ್ತರ ಐದು ಗುಂಪು, ಗುಂಪಿಗೊಬ್ಬ ಶಿಕ್ಷಕರು. ಹೆಣ್ಣುಮಕ್ಕಳಿದ್ದರೆ ಶಿಕ್ಷಕಿಯರು ಇರಲೇಬೇಕು. ಓಬವ್ವನ ಕಿಂಡಿ ಬಲು ಇಕ್ಕಟ್ಟು. ಎಲ್ಲರೂ ಒಟ್ಟಿಗೆ ನುಗ್ಗಿದರೆ ನೂಕುನುಗ್ಗಲು, ಮೊಣಕೈ ತರಚು. ಒಂದು ಗುಂಪು ಹೊರಬಂದ ಮೇಲೆ ಇನ್ನೊಂದು ಹೋಗಲಿ. ಹೊಂಡಗಳ ಅಂಚಿಗೆ ಯಾರನ್ನೂ ಇಳಿಸಬೇಡಿ, ಪಾಚಿ ಕಟ್ಟಿದ ಮೆಟ್ಟಿಲು ಜಾರುತ್ತದೆ. ಬಸ್ಸು ಹತ್ತುವಾಗೆಲ್ಲ ಗುಂಪಿನ ನಾಯಕ ತನ್ನ ಹತ್ತು ಜನರನ್ನು ಎಣಿಸಲಿ. ಐವತ್ತು ತಲೆ ಒಬ್ಬರೇ ಎಣಿಸಹೊರಟರೆ ಲೆಕ್ಕ ತಪ್ಪುತ್ತದೆ.

ಬೆಳಿಗ್ಗೆ ಆರಕ್ಕೇ ಹೊರಡಿ. ಏಳೂವರೆ, ಎಂಟಕ್ಕೆ ಹತ್ತಲು ಶುರು ಮಾಡಿದರೆ ಬಂಡೆ ಕಾಯುವ ಮೊದಲೇ, ಹನ್ನೊಂದರ ಸುಮಾರಿಗೆ ಇಳಿಯಬಹುದು. ಕೆಳಗೇ ಶೌಚಾಲಯ ಮುಗಿಸಿಕೊಳ್ಳಲಿ. ನುಣುಪಾದ ಚಪ್ಪಲಿ ಬೇಡ, ಹಿಡಿತ ಇರುವ ಶೂ ಇರಲಿ. ತಲೆಗೆ ಒಂದೂವರೆ ಲೀಟರ್ ನೀರು. ತಿಂಡಿಯ ಪ್ಲಾಸ್ಟಿಕ್ ಕವರ್ ಕೈಯಲ್ಲಿ ತೂಗಾಡಿದರೆ ಕೋತಿ ಕಿತ್ತುಕೊಳ್ಳುತ್ತದೆ, ಎಲ್ಲವೂ ಬ್ಯಾಗಿನೊಳಗಿರಲಿ. ಬುತ್ತಿಗೆ ಪುಳಿಯೋಗರೆ, ಚಪಾತಿ ಒಳ್ಳೆಯದು. ಕಾಯಿಚಟ್ನಿ ಮಧ್ಯಾಹ್ನದೊಳಗೆ ಹಳಸುತ್ತದೆ. ಓಆರ್‌ಎಸ್, ಬ್ಯಾಂಡೇಜು, ಸ್ಯಾನಿಟರಿ ಪ್ಯಾಡು, ವಾಂತಿ ಕವರು ಮರೆಯಬೇಡಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಶಾಲೆಯ ಗುರುತಿನ ಚೀಟಿ ಜೊತೆಗಿರಲಿ.

ವಾಪಸ್ಸು ಬಂದ ವಾರವೇ ಇದೇ ಪ್ರಶ್ನೆಯನ್ನು ಶಾಲೆಯ ತಾರಸಿಗೆ ಹೊಂದಿಸಿ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 100 ಚದರ ಮೀಟರಿನ ತಾರಸಿಗೆ 20 ಮಿಲಿಮೀಟರ್ ಮಳೆ ಸುರಿದರೆ 2,000 ಲೀಟರ್. ಆ ನೀರು ಈಗ ಎಲ್ಲಿಗೆ ಹೋಗುತ್ತಿದೆ ಎಂದು ಪತ್ತೆಹಚ್ಚಲು ಮಕ್ಕಳ ಕೈಗೆ ಅಳತೆ ಟೇಪು ಕೊಡಿ. ನಮಸ್ಕಾರ.