ಬೆಟ್ಟದ ದಾರಿಯೂ ಮಳೆಯ ನೀರೂ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಟ್ಟದ ಕಾಲುದಾರಿಯನ್ನು ಹಾಳುಮಾಡುವುದು ಯಾವುದು ಎಂದು ಕೇಳಿದರೆ ಹೆಚ್ಚಿನವರು ಚಾರಣಿಗರು ಎಸೆದ ಕಸದತ್ತ ಬೊಟ್ಟು ಮಾಡುತ್ತಾರೆ. ಕಸ ಕಣ್ಣು ಚುಚ್ಚುತ್ತದೆ, ನಿಜ. ಆದರೆ ಅದನ್ನು ಚೀಲದಲ್ಲಿ ತುಂಬಿ ಕೆಳಗೆ ತಂದರೆ ಮುಗಿಯಿತು. ದಾರಿಯ ದೊಡ್ಡ ಹಗೆ ಮಳೆನೀರು. ಇಳಿಜಾರಿನಲ್ಲಿ ನೆಟ್ಟಗೆ ಇಳಿಯುವ ದಾರಿ ಸಿಕ್ಕಿತೆಂದರೆ ನೀರು ಅದನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ಮೇಲ್ಮಣ್ಣು ಕೊಚ್ಚಿಹೋಗಿ ಬೇರುಗಳು ಬಯಲಾಗುತ್ತವೆ. ಆ ಕೊರಕಲಿನಲ್ಲಿ ಕಾಲಿಡಲಾರದವರು ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ; ತುಳಿತಕ್ಕೆ ಹುಲ್ಲು ಸತ್ತು ಅಲ್ಲಿಯೂ ಒಂದು ಕೊರಕಲು ಹುಟ್ಟುತ್ತದೆ.

ಹಾಗಾಗಿ ದಾರಿ ದುರಸ್ತಿಯ ಶ್ರಮದಾನಕ್ಕೆ ಹೋಗುವವರು ಗುದ್ದಲಿ ಎತ್ತುವ ಮೊದಲು ನೀರಿನ ಜಾಡು ನೋಡಬೇಕು. ಮಳೆ ಸುರಿಯುತ್ತಿರುವಾಗಲೇ ಒಮ್ಮೆ ಹತ್ತಿ ಬಂದರೆ ಎಲ್ಲಿ ಏನಾಗುತ್ತಿದೆ ಎಂಬುದು ತಾನೇ ತಿಳಿಯುತ್ತದೆ. ಬೆಟ್ಟದ ಓರೆಯಲ್ಲಿ ಸಾಗುವ ದಾರಿ ಕಣಿವೆಯ ಕಡೆಗೆ ತುಸು ವಾಲಿರಬೇಕು. ಒಂದು ಮೀಟರ್ ಅಗಲಕ್ಕೆ ಸುಮಾರು 5 ಸೆಂಟಿಮೀಟರ್ ತಗ್ಗು ಸಾಕು. ಆದರೆ ನಡೆದೂ ನಡೆದೂ ನಡುಭಾಗ ಕುಸಿಯುತ್ತದೆ, ಹೊರ ಅಂಚಿನಲ್ಲಿ ಮಣ್ಣು ಮತ್ತು ತರಗೆಲೆ ಸೇರಿ ಸಣ್ಣ ದಂಡೆ ಕಟ್ಟುತ್ತದೆ. ನೀರು ಹೊರಗೆ ಹೋಗಲಾರದೆ ದಾರಿಯುದ್ದಕ್ಕೂ ಓಡುತ್ತದೆ. ಆ ದಂಡೆಯನ್ನು ಕೆತ್ತಿ ತೆಗೆಯುವುದೇ ಶ್ರಮದಾನದ ಬಹುಪಾಲು ಕೆಲಸ. ಬೇಸರದ ಕೆಲಸ, ಫೋಟೊಗೆ ಚೆನ್ನಾಗಿ ಬರುವುದೂ ಇಲ್ಲ.

ಕಡಿದಾದ ಕಡೆ ಕಲ್ಲುಗಳನ್ನು ದಾರಿಗೆ ಅಡ್ಡಲಾಗಿ, ಓರೆಯಾಗಿ ಹುಗಿದು ನೀರನ್ನು ಪಕ್ಕಕ್ಕೆ ತಿರುಗಿಸುತ್ತಾರೆ. ಓರೆ ಸಾಲದಿದ್ದರೆ ಕಲ್ಲಿನ ಹಿಂದೆ ಹೂಳು ತುಂಬಿ, ನೀರು ಅದರ ಮೇಲೆಯೇ ಹಾರಿ ಹೋಗುತ್ತದೆ. ಕಲ್ಲಿನ ಹೆಚ್ಚಿನ ಭಾಗ ನೆಲದೊಳಗಿರಬೇಕು. ಹುಗಿದ ಮೇಲೆ ಅದರ ಮೇಲೆ ಹತ್ತಿ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಹಾಕಿ ನೋಡಬೇಕು. ಒಂದಿಷ್ಟು ಅಲುಗಿದರೂ ಕಿತ್ತು ಮತ್ತೆ ಕೂರಿಸಬೇಕು. ಅರ್ಧ ದಿನ ಒಂದೇ ಕಲ್ಲಿಗೆ ಹೋದರೂ ಅದನ್ನು ಸೋಮಾರಿತನ ಎನ್ನಬೇಡಿ.

ಗಿಡ ಸವರುವುದರಲ್ಲಿಯೂ ಕ್ರಮವಿದೆ. ಪೊದೆಯನ್ನು ನೆಲಮಟ್ಟಕ್ಕೆ ಕತ್ತರಿಸಬೇಕು. ಚೂಪಾದ ಮೋಟು ಉಳಿದರೆ ಎಡವಿ ಬಿದ್ದವರಿಗೆ ಈಟಿಯಾಗುತ್ತದೆ. ಕಡಿದ ಕೊಂಬೆಗಳನ್ನು ಇಳಿಜಾರಿನ ಕೆಳಗೆ, ಕಣ್ಣಿಗೆ ಬೀಳದಂತೆ ಹಾಕಬೇಕು. ಕೆಲವನ್ನು ಮಾತ್ರ ಉಳಿಸಿಕೊಂಡು, ತಿರುವು ತಪ್ಪಿಸಿ ನೇರ ಇಳಿಯುವವರು ಮಾಡಿದ ಅಡ್ಡದಾರಿಗಳ ಬಾಯಿಗೆ ಒಟ್ಟಬಹುದು.

ಅಮೆರಿಕದ ಅಪಲೇಚಿಯನ್ ಕಾಲುದಾರಿಯ ಹೆಸರು ಕೆಲವರು ಕೇಳಿರಬಹುದು. ಬೆಂಟನ್ ಮೆಕೈ 1921ರಲ್ಲಿ ಅದರ ಕಲ್ಪನೆಯನ್ನು ಮುಂದಿಟ್ಟರು. 1937ರಲ್ಲಿ ದಾರಿ ಪೂರ್ತಿಯಾಯಿತು. 14 ರಾಜ್ಯಗಳನ್ನು ಹಾಯುವ, ಸುಮಾರು 3,500 ಕಿಲೋಮೀಟರ್ ಉದ್ದದ ಈ ದಾರಿಯನ್ನು ನೋಡಿಕೊಳ್ಳುವುದು ಬಹುಮಟ್ಟಿಗೆ ಸ್ವಯಂಸೇವಕರ ಸಂಘಗಳು. ಸಂಘ ತನ್ನ ಪಾಲಿನ ದಾರಿಯನ್ನು ತುಂಡು ತುಂಡಾಗಿ ಸದಸ್ಯರಿಗೆ ಹಂಚುತ್ತದೆ. ನನಗೆ ಹಿಡಿಸುವುದು ಈ ಹಂಚಿಕೆಯೇ. ಬ್ಯಾನರ್ ಹಿಡಿದು ಒಂದು ದಿನ ಬಂದು ಹೋಗುವ ನೂರು ಜನರಿಗಿಂತ, ಪ್ರತಿ ಮಳೆಗಾಲದ ನಂತರ ತಮ್ಮ ತುಂಡನ್ನು ನೋಡಲು ಬರುವ ಇಬ್ಬರು ಮೇಲು. ಯಾವ ಕಲ್ಲು ಸಡಿಲ, ಯಾವ ಮೋರಿ ಕಟ್ಟಿಕೊಳ್ಳುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಹೋಗಲು ಮನಸ್ಸಿದ್ದವರಿಗೆ ಎರಡು ಮಾತು. ಆ ನೆಲ ಯಾರ ಸುಪರ್ದಿಯಲ್ಲಿದೆಯೋ ಅವರ ಅನುಮತಿ ಇಲ್ಲದೆ ಒಂದು ಕೊಂಬೆಯನ್ನೂ ಕಡಿಯಬೇಡಿ. ಒಳ್ಳೆಯ ಉದ್ದೇಶವಿದ್ದರೂ ಅದು ಅಪರಾಧವಾಗಬಹುದು. ಇನ್ನು, ಗುದ್ದಲಿ ಬೀಸುವ ಇಬ್ಬರ ನಡುವೆ ಕನಿಷ್ಠ ಮೂರು ಮೀಟರ್ ಅಂತರವಿರಲಿ. ಕೆಲಸ ಮಾಡುವವರ ಹಿಂದಿನಿಂದ ಹಾಯುವಾಗ ಕೂಗಿ ಹೇಳಿ, ಅವರು ಕೈ ನಿಲ್ಲಿಸಿದ ಮೇಲೆಯೇ ಮುಂದೆ ಹೋಗಿ.

ನಮಸ್ಕಾರ.