ಹೆಸರಿಟ್ಟ ಮೇಲೆ ಲೆಕ್ಕವಿಲ್ಲ

ಎಲ್ಲರಿಗೂ ನಮಸ್ಕಾರ. ಮೈಕ್ ಸ್ವಲ್ಪ ಕೆಳಗಿಳಿಸ್ತೀರಾ? ಹಾಂ, ಸಾಕು. 35 ವರ್ಷ ಮೈಕಿಲ್ಲದೆ ಲೆಕ್ಕದ ಪಾಠ ಮಾಡಿದವನು ನಾನು. ಹಿಂದಿನ ಸಾಲಿನವರಿಗೆ ಕೇಳಿಸದಿದ್ದರೆ ಕೈ ಎತ್ತಿ. ಕೇಳಿಸಿಯೂ ನಿದ್ದೆ ಬಂದರೆ ಎತ್ತಬೇಡಿ, ಆರಾಮಾಗಿ ಮಲಗಿ.

ನನಗೆ ಕೊಟ್ಟ ವಿಷಯ ‘ನಿವೃತ್ತರ ನೆಮ್ಮದಿ’. ಪಿಂಚಣಿ, ಬಿಪಿ, ಮಂಡಿನೋವು ಇವುಗಳ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲೇ ಕೂತಿದ್ದೀರಿ. ಹಾಗಾಗಿ ನಾನು ನಾಯಿ, ಬೆಕ್ಕು, ದನದ ಬಗ್ಗೆ ಮಾತಾಡುತ್ತೇನೆ. ಚೀಟಿಯಲ್ಲಿ ನಾಲ್ಕು ಅಂಶ ಬರೆದುಕೊಂಡು ಬಂದಿದ್ದೇನೆ. ಇದಕ್ಕೊಂದು ಕಾರಣ ಇದೆ. 12 ದಿನದಿಂದ ನಮ್ಮ ಮನೆಯಲ್ಲಿ ಜಗಳ.

ಜಗಳದ ಮೂಲ ಒಂದು ನಾಯಿಮರಿ. ಮಳೆ ಹಿಡಿದ ಒಂದು ಸಂಜೆ ತೋಟದ ದಣಪೆಯ ಹತ್ತಿರ ಕುಂಯ್‌ಗುಡುತ್ತಾ ಕೂತಿತ್ತು. ಯಾರೋ ಬಿಟ್ಟು ಹೋಗಿದ್ದರು. ಎರಡು ತಿಂಗಳಿರಬಹುದು. ಒಂದು ಕಿವಿ ನಿಂತಿದೆ, ಇನ್ನೊಂದು ಇನ್ನೂ ಯೋಚನೆ ಮಾಡ್ತಾ ಇದೆ. ಆ ರಾತ್ರಿಯೇ ಬೆಂಗಳೂರಿನಿಂದ ಮಗನ ಫೋನು. ‘ಅಪ್ಪ, ನಿಮಗೆ 74. ನಾಯಿ 12, 13 ವರ್ಷ ಬದುಕುತ್ತೆ. ನೀವೇ ಲೆಕ್ಕ ಹಾಕಿ’ ಅಂದ. ನೋಡಿ, ಲೆಕ್ಕದ ಮೇಷ್ಟ್ರಿಗೆ ಲೆಕ್ಕ ಹೇಳಿಕೊಡುತ್ತಾನೆ! ಕೂಡಿಸಿದೆ. 87 ಬಂತು. ತಪ್ಪೇನಿಲ್ಲ. ಉತ್ತರ ಸರಿ ಇದ್ದೂ ಮನಸ್ಸು ಒಪ್ಪದ ಲೆಕ್ಕ ನನ್ನ ಜೀವನದಲ್ಲಿ ಅದೇ ಮೊದಲು.

ನನ್ನ ವಾದ ಇಷ್ಟೇ. ಮನೆಯಲ್ಲಿ ಲೆಕ್ಕ ಇಡುವ ವಸ್ತು ಬೇರೆ, ಹೆಸರಿಡುವ ಜೀವ ಬೇರೆ. ಹೆಸರಿಟ್ಟ ಮೇಲೆ ಲೆಕ್ಕವಿಲ್ಲ. ಅಡಿಕೆಗೂ ಹೆಸರಿದೆಯಲ್ಲ ಮೇಷ್ಟ್ರೇ ಅಂತ ತೋಟದವರು ಕೇಳಬಹುದು. ಇದೆ. ಸರಕು, ಬೆಟ್ಟೆ, ರಾಶಿ, ಗೊರಬಲು. ಆದರೆ ಅವು ದರದ ಹೆಸರು. ರಾಶಿ ಅಂತ ಕರೆದರೆ ಅಡಿಕೆ ಬಾಲ ಅಲ್ಲಾಡಿಸುತ್ತಾ ಬರೋದಿಲ್ಲ.

ಈ ಮಾತು ನನಗೆ ಹೊಳೆದದ್ದು ಅಪ್ಪನ ಲೆಕ್ಕದ ಪುಸ್ತಕದಿಂದ. ಅಪ್ಪ ಕಾಸು ಕಾಸಿಗೂ ಲೆಕ್ಕ ಬರೆಯುವ ಮನುಷ್ಯ. ಹಿಂಡಿ, ಬೂಸ, ಸೀಮೆಎಣ್ಣೆ, ಕೊನೆಗಾರನ ಕೂಲಿ, ಎಲ್ಲ ಉಂಟು. ಅವರು ತೀರಿಕೊಂಡ ಮೇಲೆ ಅಟ್ಟದಿಂದ ಆ ಪುಸ್ತಕಗಳನ್ನು ಇಳಿಸಿ ಓದಿದೆ. 1960ರ ದಶಕದ್ದು. ಪ್ರತಿ ಸಂತೆ ದಿನದ ಕೆಳಗೆ ‘ಇತರೆ’ ಅಂತ ಒಂದು ಸಾಲು. ಏನಿದು ಇತರೆ? ಒಂದೇ ಒಂದು ಕಡೆ, ಮೈಮರೆತು ಇರಬೇಕು, ಬಿಡಿಸಿ ಬರೆದಿದ್ದಾರೆ. ‘ಇತರೆ, ಬನ್ನು, 10 ಪೈಸೆ’. ನಮ್ಮ ಮನೆಯಲ್ಲಿ ಆಗ ಯಾರೂ ಬನ್ನು ತಿನ್ನುತ್ತಿರಲಿಲ್ಲ. ಅಪ್ಪ ಹೊರಗೆ ಕಾಫಿ ಕೂಡ ಕುಡಿದವರಲ್ಲ. ಆ ಬನ್ನು ರಾಜನದು. ರಾಜ ಅಂದರೆ ನಾಯಿ. ನಮಗೆ ಸಂತೆಯಿಂದ ಒಂದು ಪೆಪ್ಪರಮಿಂಟೂ ತರದ ಅಪ್ಪ ಅದಕ್ಕೆ ವಾರ ವಾರ ಬನ್ನು ತಂದಿದ್ದಾರೆ! ಓದಿ ಸಿಟ್ಟೂ ಬಂತು, ನಗುವೂ ಬಂತು.

ರಾಜನ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಭದ್ರಾವತಿ ಆಕಾಶವಾಣಿ ಶುರುವಾಗಿದ್ದು 1965ರಲ್ಲಿ. ಅದಾಗಿ ಸ್ವಲ್ಪ ಸಮಯಕ್ಕೆ ನಮ್ಮ ಮನೆಗೂ ರೇಡಿಯೋ ಬಂತು. ಬೆಳಿಗ್ಗೆ ಆಕಾಶವಾಣಿಯ ಆ ರಾಗ ಬರುತ್ತಲ್ಲ, ನಿಮಗೆಲ್ಲ ಈಗ ಕಿವಿಯಲ್ಲಿ ಕೇಳಿಸ್ತಾ ಇರಬೇಕು, ಅದು ಶುರುವಾದ ಕೂಡಲೇ ರಾಜ ಅಂಗಳದಲ್ಲಿ ಕತ್ತೆತ್ತಿ ಊಳಿಡುತ್ತಿತ್ತು. ಅಜ್ಜಿಗೆ ಹೆದರಿಕೆ. ನಾಯಿ ಊಳಿಟ್ಟರೆ ಮನೆಗೆ ಒಳ್ಳೆಯದಲ್ಲ, ರೇಡಿಯೋ ಮಾರಿಬಿಡು ಅಂತ. ಅಪ್ಪ ಹೇಳಿದ್ದು ಒಂದೇ ಮಾತು. ‘ಅದು ಅಳ್ತಾ ಇಲ್ಲ ಅಮ್ಮ, ಹಾಡ್ತಾ ಇದೆ.’ ಅಮ್ಮ ಒಲೆಯ ಮುಂದೆ ಅಕ್ಕಿರೊಟ್ಟಿ ತಟ್ಟುತ್ತಾ ಇರೋದು, ಹೊರಗೆ ಜಿಟಿಜಿಟಿ ಮಳೆ, ರೇಡಿಯೋ, ರಾಜನ ಹಾಡು. ನನ್ನ ಸಣ್ಣಪುಟ್ಟ ಸಂತೋಷ ಯಾವುದನ್ನು ಬಿಡಿಸಿ ನೋಡಿದರೂ ಒಳಗೆ ಒಂದು ಪ್ರಾಣಿ ಸಿಗುತ್ತದೆ.

ಈಗ ಕರಿಯನ ಕಥೆ. ಇದನ್ನು ಮುಂದಿನ ಸಾಲಿನಲ್ಲಿ ಕೂತಿರುವ ನಮ್ಮ ಮನೆಯವಳು ನೂರು ಸಲ ಕೇಳಿದ್ದಾಳೆ. ಹೇಳಿದ ಹಾಗೆಲ್ಲ ಬೆಳೀತಾ ಇದೆ ಅಂತ ಅವಳ ದೂರು. ಮೊದಲ ಸಲ ಹೇಳುವಾಗ ನಾಯಿ ಸೀಟಿನ ಕೆಳಗೆ ಕೂತಿತ್ತಂತೆ, ಈಗೀಗ ಸೀಟಿನ ಮೇಲೆ ಕೂರುತ್ತಂತೆ. ಇವತ್ತು ಕೆಳಗೇ ಕೂರಿಸುತ್ತೇನೆ.

ನಾನು ದಿನಾ ಶಾಲೆಗೆ ಹೋಗುತ್ತಿದ್ದದ್ದು ಸಹಕಾರ ಸಾರಿಗೆ ಬಸ್ಸಿನಲ್ಲಿ. ಕೊಪ್ಪದ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಂಸ್ಥೆ, ನಿಮಗೆ ಹೇಳಬೇಕಾಗಿಲ್ಲ. ಮನೆಯಿಂದ ರಸ್ತೆಗೆ ಒಂದೂವರೆ ಕಿಲೋಮೀಟರ್. ತೋಟ ದಾಟಿ, ಸಂಕ ದಾಟಿ, ಗದ್ದೆ ಅಂಚಿನ ಮೇಲೆ ನಡೆಯಬೇಕು. ಕರಿಯ ಮುಂದೆ, ನಾನು ಹಿಂದೆ. ಸಂಕದ ಮೇಲೆ ಅದು ಮೊದಲು ದಾಟಿ ತಿರುಗಿ ನಿಲ್ಲುತ್ತಿತ್ತು. ಮೇಷ್ಟ್ರು ಬಿದ್ದಾರು ಅಂತ. ರಸ್ತೆಯಲ್ಲಿ ಮತ್ತಿಮರದ ಬುಡದಲ್ಲಿ ಕೂತು, ನಾನು ಬಸ್ ಹತ್ತಿದ ಮೇಲೆ ವಾಪಸ್. ಸಂಜೆ ಬಂದರೆ ಅದೇ ಮರದ ಬುಡದಲ್ಲಿ ಹಾಜರು. ಬೇರೆ ಬಸ್ ಬಂದರೆ ತಲೆ ಎತ್ತುತ್ತಿರಲಿಲ್ಲ. ಸಹಕಾರಿಯ ಹಾರ್ನು ತಿರುವಿನಲ್ಲಿ ಕೇಳಿದರೆ ಸಾಕು, ಎದ್ದು ಮೈ ಕೊಡವಿ ನಿಲ್ಲುತ್ತಿತ್ತು.

ಒಂದು ದಿನ ನನಗೆ ಜ್ವರ. ಹಾಸಿಗೆಯಿಂದ ಏಳಲಿಲ್ಲ. ಕರಿಯ ಬಾಗಿಲ ಹತ್ತಿರ ಎರಡು ಸಲ ಬಂದು ನೋಡಿತು. ಹೊತ್ತಾಯಿತು ಅಂತ ಗೊತ್ತಾಯಿತೋ ಏನೋ, ಒಂದೇ ಹೊರಟಿತು. ಮುಂದಿನದು ಕಂಡಕ್ಟರ್ ಹೇಳಿದ್ದು. ಬಸ್ ಬಂತು. ಮರದ ಬುಡದಲ್ಲಿ ನಾಯಿ ಇದೆ, ಮೇಷ್ಟ್ರಿಲ್ಲ. ನಾಯಿ ಇದ್ದ ಮೇಲೆ ಮೇಷ್ಟ್ರು ಹಿಂದೆ ಬರ್ತಾ ಇರ್ತಾರೆ ಅಂತ ಡ್ರೈವರ್ ಬಸ್ ನಿಲ್ಲಿಸಿ ಕಾದರು. ಕಂಡಕ್ಟರ್ ಬಾಗಿಲು ತೆಗೆದು ಗದ್ದೆ ಕಡೆ ಇಣುಕಿದರು. ಅಷ್ಟರಲ್ಲಿ ಕರಿಯ ಅವರ ಕಾಲ ಸಂದಿಯಲ್ಲಿ ನುಗ್ಗಿ ಬಸ್ ಹತ್ತಿತು. ಹತ್ತಿದ್ದು ಹತ್ತಿತು, ನೇರ ನಾನು ಕೂರುವ ಸೀಟಿನ ಹತ್ತಿರ ಹೋಗಿ ಕೆಳಗೆ, ಕೆಳಗೇ ಸ್ವಾಮಿ, ಮುದುರಿ ಮಲಗಿತು. ನನ್ನ ವಾಸನೆ ಅಲ್ಲಿ ಇತ್ತು, ಅಲ್ವಾ?

ಇಳಿಸೋಕೆ ನೋಡಿದರಂತೆ. ಗುರ್ ಅಂದಿತಂತೆ. ಶಾಲೆಯ ಸ್ಟಾಪ್ ಬಂತು. ಇಳಿಯಲಿಲ್ಲ. ನನ್ನ ಕೆಲವು ವಿದ್ಯಾರ್ಥಿಗಳೂ ಹಾಗೇ, ಶಾಲೆ ಬಂದರೆ ಇಳಿಯುತ್ತಿರಲಿಲ್ಲ. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಯಾರೋ ಕೊಟ್ಟ ಬನ್ನು ತಿಂದು, ಬಸ್ಸಿನ ನೆರಳಿನಲ್ಲಿ ಮಲಗಿ, ಸಂಜೆ ಅದೇ ಬಸ್ಸಿನಲ್ಲಿ ವಾಪಸ್.

ಇತ್ತ ನಾಯಿ ಕಾಣದೆ ನಾನು ಮಧ್ಯಾಹ್ನದಿಂದ ಹುಡುಕಿ ಸೋತಿದ್ದೆ. ಸಂಜೆ ಕಂಬಳಿ ಹೊದ್ದು ರಸ್ತೆಗೆ ಬಂದು, ಅದು ಕೂರುವ ಜಾಗದಲ್ಲೇ, ಆ ಮತ್ತಿಮರದ ಬುಡದಲ್ಲಿ ಕೂತಿದ್ದೆ. ಬಸ್ ನಿಂತಿತು. ಬಾಗಿಲು ತೆಗೆಯಿತು. ಕರಿಯ ಇಳಿಯಿತು. ಹಿಂದೆ ಕಂಡಕ್ಟರ್. ‘ಮೇಷ್ಟ್ರೇ, ನಿಮ್ಮವರು ಬಂದಿದ್ದಾರೆ. ಟಿಕೆಟ್ ಬಾಕಿ ಇದೆ’ ಅಂದರು. ನಾನು ನಿಜವಾಗಿಯೂ ದುಡ್ಡು ತೆಗೆದೆ. ಎಷ್ಟು, ಲಗೇಜಾ, ಅರ್ಧ ಟಿಕೆಟ್ಟಾ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿದ ಹಾಗೆ ಮಾಡಿ ಒಂದು ಟಿಕೆಟ್ ಹರಿದರು. ದುಡ್ಡು ನಮೂದಿಸಿದ ಕಡೆ ಗೀಟು ಎಳೆದು, ಹಿಂದೆ ‘ಕರಿಯ’ ಅಂತ ಬರೆದು ಕೈಗೆ ಕೊಟ್ಟರು. ಆ ಟಿಕೆಟ್ ಅಪ್ಪನ ಲೆಕ್ಕದ ಪುಸ್ತಕದಲ್ಲಿ, ಬನ್ನಿನ ಪುಟದಲ್ಲಿ ಇಟ್ಟಿದ್ದೇನೆ.

ನಗ್ತಾ ಇದ್ದೀರಿ. ಕರಿಯನನ್ನು ಚಿರತೆ ಹೊತ್ತುಕೊಂಡು ಹೋಯಿತು. ನಮ್ಮ ಕಡೆ ನಾಯಿ ಮುದಿಯಾಗಿ ಸಾಯುವುದು ಕಡಿಮೆ. ಕತ್ತಲಾದ ಮೇಲೆ ಒಳಗೆ ಕರೆದುಕೊಳ್ಳಬೇಕು, ದಿನಾ ಕರೆದುಕೊಳ್ಳುತ್ತಿದ್ದೆ. ಆವತ್ತು ಕರೆಂಟ್ ಇರಲಿಲ್ಲ, ಉತ್ತರ ಪತ್ರಿಕೆ ತಿದ್ದುತ್ತಾ ಕೂತವನು ಕರೆಯಲು ಮರೆತೆ. ಒಂದು ಸಲ ಕುಂಯ್ ಅಂದಿದ್ದು ಕೇಳಿಸಿತು. ಬೆಳಿಗ್ಗೆ ಅಂಗಳದ ಕೆಸರಿನಲ್ಲಿ ಹೆಜ್ಜೆ ಇತ್ತು. ಅಷ್ಟೇ. ಹೆಸರು ಹಿಡಿದು ಒಂದು ಸಲ ಕೂಗಿದ್ದರೆ ಒಳಗೆ ಬರುತ್ತಿತ್ತು.

ಸಹಕಾರ ಸಾರಿಗೆಯೂ 2020ರಲ್ಲಿ ನಿಂತಿತು. ಈಗಲೂ ಸಂಜೆ ತಿರುವಿನಲ್ಲಿ ಯಾವುದಾದರೂ ಬಸ್ಸಿನ ಹಾರ್ನ್ ಕೇಳಿದರೆ ನಾನು ಜಗಲಿಯಲ್ಲಿ ನೆಟ್ಟಗೆ ಕೂರುತ್ತೇನೆ. ಮೈ ಕೊಡವುವುದೊಂದು ಬಾಕಿ.

ನಾಯಿಯನ್ನು ಬರೀ ಹೊಗಳ್ತಾನೆ ಅಂದುಕೊಳ್ಳಬೇಡಿ. ಚಿಕ್ಕಂದಿನಲ್ಲಿ ಬೀದಿನಾಯಿ ಕಚ್ಚಿ ಹೊಕ್ಕುಳ ಸುತ್ತ 14 ಇಂಜೆಕ್ಷನ್ ತೆಗೆದುಕೊಂಡವನು ನಾನು. ದಿನಕ್ಕೊಂದು. ಈಗ ಹಾಗಿಲ್ಲ, ತೋಳಿಗೆ ನಾಲ್ಕೈದು ಸಲ ಕೊಡುತ್ತಾರೆ. ನಾಯಿ ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಆಮೇಲೆ ಆಸ್ಪತ್ರೆಗೆ ಓಡಿ. ಅರಿಶಿನ, ಸುಣ್ಣ, ಕಾಫಿಪುಡಿ ಹಚ್ಚುತ್ತಾ ಕೂರಬೇಡಿ. ಸಾಕಿದ ನಾಯಿಗೆ ವರ್ಷ ವರ್ಷ ರೇಬೀಸ್ ಲಸಿಕೆ ಚುಚ್ಚಿಸಿ. ಇದರಲ್ಲಿ ಲೆಕ್ಕ ತಪ್ಪಬಾರದು.

ಎರಡನೇ ಅಂಶ ಬೆಕ್ಕು. ಮಳೆಯಲ್ಲಿ ತೋಟ ತಿರುಗಿ, ಕಾಲಿಗೆ ಹತ್ತಿದ ಇಂಬಳ ಕಿತ್ತು ಹಾಕಿ, ಬಚ್ಚಲಿಗೆ ಹೋಗಿ ಹಂಡೆಯ ಸುಡುಸುಡು ನೀರು ಬೆನ್ನಿಗೆ ಹುಯ್ದುಕೊಳ್ಳುವ ಸುಖ ಇದೆಯಲ್ಲ, ಗೀಸರಿನವರಿಗೆ ಅದು ಗೊತ್ತಿಲ್ಲ. ಅಡಿಕೆ ಸಿಪ್ಪೆಯ ಹೊಗೆ, ಕೆಂಡ, ಬಚ್ಚಲೊಲೆಯ ಬೂದಿಯಲ್ಲಿ ಮುದುಡಿದ ಬೆಕ್ಕು. ನಮ್ಮ ಚಿನ್ನಿಯ ಮೀಸೆ ಒಂದು ಕಡೆ ಯಾವಾಗಲೂ ಸುಟ್ಟೇ ಇರುತ್ತಿತ್ತು. ಎಡಗಡೆ. ಅದು ಯಾವ ಮಗ್ಗುಲಲ್ಲಿ ಮಲಗುತ್ತದೆ ಅಂತ ಅದರಿಂದಲೇ ಗೊತ್ತಾಗುತ್ತಿತ್ತು.

ಬೆಕ್ಕಿನ ವಿಷಯದಲ್ಲಿ ನನ್ನ ವಾದ ಸ್ವಲ್ಪ ಕುಂಟುತ್ತದೆ. ಹೆಸರಿಟ್ಟರೇನು, ಕರೆದರೆ ಬರೋದಿಲ್ಲ. ಆದರೆ 2019ರಲ್ಲಿ ಜಪಾನಿನ ಸಂಶೋಧಕರು ಪ್ರಯೋಗ ಮಾಡಿ ತೋರಿಸಿದರು, ಸಾಕಿದ ಬೆಕ್ಕಿಗೆ ತನ್ನ ಹೆಸರು ಬೇರೆ ಮಾತಿಗಿಂತ ಬೇರೆ ಅಂತ ಗೊತ್ತಾಗುತ್ತದಂತೆ. ಅಂದರೆ ಚಿನ್ನಿಗೆ ಎಲ್ಲ ಕೇಳಿಸುತ್ತಿತ್ತು! ಹಾಜರಿ ಕೂಗಿದಾಗ ಸುಮ್ನೆ ಕೂತಿರುವ ಕೊನೇ ಬೆಂಚಿನ ಹುಡುಗನ ಹಾಗೆ. ಹೆಸರು ರಿಜಿಸ್ಟರಿನಲ್ಲಿ ಇದೆಯಲ್ಲ, ನನಗೆ ಅಷ್ಟು ಸಾಕು.

ಏನದು ಚೀಟಿ? ಹತ್ತು ನಿಮಿಷವಾ? ಆಯ್ತು, ಆಯ್ತು. ಚೀಟಿ ಕಳಿಸಿದವರ ಮನೆಯಲ್ಲಿ ಬೆಕ್ಕಿಲ್ಲ ಅಂತ ಕಾಣುತ್ತೆ.

ಮೂರನೆಯದು ದನ. ಮಲೆನಾಡು ಗಿಡ್ಡ. ಸೊಂಟಕ್ಕೆ ಬರುವಷ್ಟು ಎತ್ತರ. ಹಾಲು ದಿನಕ್ಕೆ ಒಂದೆರಡು ಲೀಟರ್ ಸಿಕ್ಕರೆ ಪುಣ್ಯ. ಲೆಕ್ಕ ನೋಡಿದರೆ ಇದನ್ನು ಯಾರೂ ಸಾಕಬಾರದು. ಆದರೆ ಮಳೆ, ಗುಡ್ಡ, ಮುಳ್ಳು ಯಾವುದಕ್ಕೂ ಜಗ್ಗೋದಿಲ್ಲ, ಕಾಡು ಮೇದು ಸಂಜೆ ತಾನೇ ಮನೆಗೆ ಬರುತ್ತದೆ. ಅಮ್ಮ ಕಲಗಚ್ಚಿನ ಬಾನಿ ಇಟ್ಟು ‘ಗೌರೀ’ ಅಂದರೆ ಗುಡ್ಡದ ಮೇಲಿಂದ ಮರದ ಗಂಟೆ ಸದ್ದು ಕೇಳಿಸುತ್ತಿತ್ತು. ಮನೆಗೆ ಜರ್ಸಿ ಬಂದಾಗಲೂ ಗೌರಿ ಕೊಟ್ಟಿಗೆಯಲ್ಲೇ ಉಳಿಯಿತು. ಕಾರಣ ನಿಮಗೆ ಗೊತ್ತು, ಮತ್ತೆ ಹೇಳಲ್ಲ.

ದೀಪಾವಳಿಗೆ ಅದರ ಮೈಗೆ ಮುದ್ರೆ ಒತ್ತುವ ಕೆಲಸ ನನ್ನದು. ಅಕ್ಕಿ ಅಳೆಯುವ ಸಿದ್ದೆಯ ಬಾಯಿಯನ್ನು ಕೆಮ್ಮಣ್ಣಿಗೆ ಅದ್ದಿ ಹೊಟ್ಟೆಯ ಮೇಲೆ ಒತ್ತಿದರೆ ದುಂಡಗೆ ಬಳೆಯ ಹಾಗೆ ಮೂಡುತ್ತಿತ್ತು. ತಣ್ಣಗಿನ ಸಿದ್ದೆ ತಾಗಿದ ಕಡೆ ಚರ್ಮ ಪಟಕ್ಕನೆ ನಡುಗುತ್ತಿತ್ತು, ಮುದ್ರೆ ಸೊಟ್ಟಗಾಗುತ್ತಿತ್ತು. ವೃತ್ತದ ಪಾಠ ಮಾಡುವಾಗೆಲ್ಲ ನನಗೆ ಆ ಸೊಟ್ಟ ವೃತ್ತವೇ ನೆನಪಾಗುತ್ತಿತ್ತು.

ದನ ಅಂದಮೇಲೆ ಉಣ್ಣೆ, ಮೈಗೆ ಕಚ್ಚಿ ರಕ್ತ ಹೀರುವ ಹುಳ. ಮಂಗನ ಕಾಯಿಲೆ ಹರಡುವುದು ಇದರಿಂದಲೇ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರಿಗೂ ಜ್ವರ ಬಂತು. ಮಂಗನ ಕಾಯಿಲೆಗೆ ಜಗತ್ತೇ ನಮ್ಮ ಜಿಲ್ಲೆಯ ಕಾಡಿನ ಹೆಸರಿಟ್ಟಿತು. ಎಲ್ಲ ಹೆಸರೂ ಪ್ರೀತಿಯಿಂದ ಇಡುವುದಲ್ಲ ನೋಡಿ. ಬೇಸಿಗೆಯಲ್ಲಿ ಒಣಗಿದ ದರಗೆಲೆ ಗುಡಿಸೋಕೆ ಕಾಡಿಗೆ ಹೋಗುವವರು ಉಣ್ಣೆ ಹತ್ತದ ಹಾಗೆ ಡೇಪಾ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ. ಇದರ ಬಗ್ಗೆ ಜಾಸ್ತಿ ಹೇಳಬೇಕಿತ್ತು. ಸಮಯ ಇಲ್ಲ.

ನಾಲ್ಕನೆಯದು ಹಕ್ಕಿ. ಚಿಕ್ಕವರಿದ್ದಾಗ ಗಿಣಿ ಸಾಕಿದ್ದೆವು. ಈಗ 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ. ಸರಿಯಾಗಿಯೇ ಇದೆ. ಮುಗಿಯಿತು. ಸಕ್ರೆಬೈಲಿನ ಆನೆಗಳ ಬಗ್ಗೆಯೂ ಬರೆದುಕೊಂಡಿದ್ದೆ. ಇಲ್ಲೇ ಹತ್ತಿರ, ಬೆಳಿಗ್ಗೆ ತುಂಗೆಯ ಹಿನ್ನೀರಿನಲ್ಲಿ ಸ್ನಾನ ಮಾಡಿಸುವಾಗ ನೀವೇ ಹೋಗಿ ನೋಡಿ. ಮಾವುತರು ಅವನ್ನು ಹೆಸರು ಹಿಡಿದು ಬೈಯುವುದನ್ನು ಕೇಳಿಸಿಕೊಳ್ಳಿ.

ಮರಿಯ ವಿಷಯ ಏನಾಯಿತು ಅಂತ ಹಿಂದಿನಿಂದ ಯಾರೋ ಕೇಳ್ತಾ ಇದ್ದೀರಿ. ಒಪ್ಪಂದ ಆಗಿದೆ. ಯಾರಾದರೂ ಒಳ್ಳೆಯವರು ಸಿಗುವವರೆಗೆ ಇರಲಿ, ಆದರೆ ಹೆಸರಿಡುವ ಹಾಗಿಲ್ಲ. ನನ್ನ ವಾದವನ್ನು ನನ್ನ ಮೇಲೇ ತಿರುಗಿಸಿದ್ದಾನೆ ಮಗ. ನಾನು ಮಾತಿಗೆ ತಪ್ಪಿಲ್ಲ. 12 ದಿನದಿಂದ ‘ಏ’ ಅಂತಲೇ ಕರೆಯುತ್ತಿದ್ದೇನೆ. ಮನೆಯವಳೂ ನನ್ನ ಎದುರು ‘ಅದು’ ಅನ್ನುತ್ತಾಳೆ. ಆದರೆ ನಿನ್ನೆ ಬೆಳಿಗ್ಗೆ ನಾನು ಕೊಟ್ಟಿಗೆಯ ಹಿಂದೆ ಇದ್ದದ್ದು ಅವಳಿಗೆ ಗೊತ್ತಿರಲಿಲ್ಲ. ಅಡುಗೆಮನೆ ಬಾಗಿಲಿನಲ್ಲಿ ನಿಂತು, ಅಡಿಕೆ ಹಾಳೆಯಲ್ಲಿ ಹಾಲನ್ನ ಹಾಕಿ, ಮೆಲ್ಲಗೆ ಏನೋ ಒಂದು ಕರೆದಳು. ಎರಡಕ್ಷರ. ನಿಲ್ಲದ ಆ ಕಿವಿಯೂ ನಿಂತಿತು ನೋಡಿ!

ಯಾಕೆ ತಲೆ ತಗ್ಗಿಸ್ತೀಯೇ, ಹೆಸರು ನಾನು ಹೇಳಲ್ಲ. ಆಯ್ತು, ಬಸ್ಸಿಗೆ ಹೊತ್ತಾಯಿತು. ಮರಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಿದ್ದೇವೆ. ನಮಸ್ಕಾರ.